ಬಾವಿ ನೀರಿಗೆ ಹಾಕಿದ ಬಾಂಗಡಾ

ಮೀನಿನ ಬುಟ್ಟಿ ರವಿವಾರ ಬರಬೇಕಾಗಿತ್ತು. ಬಂದದ್ದು ಸೋಮವಾರ ನಸುಕಿಗೆ. ಆಮೇಲೆ ಆದದ್ದನ್ನೆಲ್ಲ ನಾನು ಬಹಳ ದಿನ ಮುಂಬೈಯಲ್ಲಿ ಅದನ್ನು ರೈಲಿಗೆ ಹತ್ತಿಸಿದವರ ತಲೆಗೆ ಕಟ್ಟಿದೆ. ಈಗ ಹಾಗೆ ಅನ್ನುವುದಿಲ್ಲ. ಅವರು ತಡ ಮಾಡಿದರು, ಕೆಡಿಸಿದವಳು ನಾನು.

ಆಗ ನಾವು ಸೊಲ್ಲಾಪುರದ ಒಂದು ಗಿರಣಿಯ ಚಾಳಿನಲ್ಲಿದ್ದೆವು. ಒಂದು ಖೋಲಿ, ಅದರ ಮುಂದೆ ನಾಲ್ಕು ಮೊಳ ಅಗಲದ ಉದ್ದ ಪಡಸಾಲಿ. ನಮ್ಮವರು ಆ ಗಿರಣಿಯಲ್ಲಿ ಮಗ್ಗದ ಮೇಲಿದ್ದರು. ದೀಪಾವಳಿಗೆ ಮುಂಚೆ ಒಂದು ದಿನ ಲಾಳಿ ಮಗ್ಗದಿಂದ ಸಿಡಿದು ಅವರ ಎಡಗಣ್ಣಿಗೆ ಬಡಿಯಿತು. ಆ ಕಣ್ಣು ಹೋಯಿತು. ಬಲಗಣ್ಣು ಉಳಿಯಿತು, ಅದೊಂದು ಪುಣ್ಯ. ಒಂದೇ ಕಣ್ಣಿನವನ ಕೈಗೆ ಮಗ್ಗ ಕೊಡಲಿಕ್ಕಾಗುವುದಿಲ್ಲ ಅಂತ ಹೆಸರು ಹೊಡೆದುಹಾಕಿದರು. ಚಾಳಿನ ಖೋಲಿ ಗಿರಣಿಯಲ್ಲಿ ದುಡಿಯುವವರಿಗೆ ಮಾತ್ರ. ತಿಂಗಳ ಕೊನೆಗೆ ಬಿಟ್ಟು ಹೋಗಬೇಕು ಅಂತ ಚೀಟಿ ಬಂತು.

ಖೋಲಿ ಹೋದರೆ ಬರೀ ಮಲಗುವ ಜಾಗ ಹೋಗುತ್ತಿರಲಿಲ್ಲ, ನನ್ನ ಖಾನಾವಳಿಯೂ ಹೋಗುತ್ತಿತ್ತು. ಖಾನಾವಳಿ ಅಂದರೆ ಫಲಕ, ಕುರ್ಚಿ ಏನೂ ಇಲ್ಲ. ಗಿರಣಿಯಲ್ಲಿ ದುಡಿಯುವ, ಹೆಂಡರನ್ನು ಊರಲ್ಲಿ ಬಿಟ್ಟು ಬಂದ ಹನ್ನೊಂದು ಮಂದಿ ಗಂಡಸರು ಮಧ್ಯಾಹ್ನ ಗಿರಣಿಯ ಭೋಂಗಾ ಕೂಗಿದ ಕೂಡಲೆ ಬಂದು ಪಡಸಾಲಿಯ ಗೋಣಿತಟ್ಟಿನ ಮೇಲೆ ಕೂತು ಉಣ್ಣುತ್ತಿದ್ದರು, ಸಂಜೆಗೆ ಮತ್ತೆ ಬರುತ್ತಿದ್ದರು. ಬುಧವಾರ, ಶುಕ್ರವಾರ, ರವಿವಾರ ಮೀನು. ನನ್ನ ತವರು ಕರಜಗಿಯಾಚೆ ಭೀಮಾ ನದಿಯ ದಂಡೆ. ನಮ್ಮ ಮಂದಿ ಬಲೆ ಬೀಸುವವರು. ಓದು ನಾಲ್ಕನೆಯ ಇಯತ್ತೆಗೆ ನಿಂತಿತು, ಆದರೆ ಮೀನಿನ ಸಾರು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಹೀಗಂತ ನಾನು ತಿಳಿದಿದ್ದೆ.

ಉಳಿದ ದಿನ ಬ್ಯಾಳಿ, ಪಲ್ಯ. ಅದರಲ್ಲೂ ಸೋಮವಾರ, ಗುರುವಾರ ನನ್ನ ಒಲೆಗೆ ಮೀನು ತೋರಿಸುವ ಹಾಗಿರಲಿಲ್ಲ. ನಮ್ಮವರ ಕಣ್ಣು ಹೋದ ವಾರ ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಯ ಮುಂದೆ ಸೆರಗೊಡ್ಡಿ ಹರಕೆ ಹೊತ್ತಿದ್ದೆ: ಊರ ದೇವರ ಸೋಮವಾರ, ನಿನ್ನ ಗುರುವಾರ ಎರಡೂ ಹಿಡಿಯುತ್ತೇನೆ, ಉಳಿದ ಒಂದು ಕಣ್ಣು ಕಾಯಿ ಅಂತ.

ಊಟಕ್ಕೆ ಬರುವ ಹನ್ನೊಂದು ಮಂದಿಯಲ್ಲಿ ದೊಡ್ಡವನೆಂದರೆ ಮಗ್ಗದ ಖಾತೆಯ ಮುಕಾದಮ. ಅಕ್ಕಲಕೋಟದ ಕಡೆಯವನೇ, ಮಾತಿನ ಮಲ್ಲ. ಚೀಟಿ ಬಂದ ಮರುದಿನ ಊಟ ಮುಗಿಸಿ, ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದ:

“ವೈನಿ, ಚಿಂತಿ ಬಿಡ್ರಿ. ಮಗ್ಗದ ಖಾತೇಕ ನನ್ನ ಮ್ಯಾಲಿನವರು, ಹೊಸಾ ಮಾಸ್ತರು ಬಂದಾರಲ್ಲ, ಅವರು ರತ್ನಾಗಿರಿ ಕಡಿಯವ್ರು. ಸಮುದ್ರದ ಮೀನಾ ತಿಂದು ಬೆಳದ ಜೀವ. ಇಲ್ಲಿ ಬಂದು ಬ್ಯಾಳಿ ತಿಂದ ತಿಂದ ಮಾರೀನ ಬ್ಯಾಳಿ ಆಗೇದ. ನಾ ಮುಂಬೈದಿಂದ ಬಾಂಗಡಾ ತರಸ್ತೀನಿ, ನೀವು ಕೈ ತೋರಸ್ರಿ. ಗೇಟಿನ ಪಹರೇದ ಜಾಗಾ ಖಾಲಿ ಅದ. ನಿಮ್ಮವರಿಗೆ ಅದು ಆತಂದರ ಖೋಲೀನೂ ಉಳೀತು. ಮಾಸ್ತರು ಬಾಯಿ ತಗದರ ಸಾಕು.”

“ಬಾಂಗಡಾ ನಾ ಕಣ್ಣಿಲೆ ಸೈತ ನೋಡಿಲ್ರಿ ಮುಕಾದಮರ.”

“ಮೀನಾ ಮೀನಾನ ಇರ್ತದ, ಅದೇನು ಆನಿ ಇರ್ತದೇನು? ಭೀಮಾನ ದಂಡಿಮ್ಯಾಗ ಹುಟ್ಟಿದವರು ನೀವು. ಸೊಲ್ಲಾಪುರದಾಗ ನಿಮಗ ಕಲಸಾವರು ಯಾರದಾರ?”

ಈ ಮಾತು ನನಗೆ ಬೆಲ್ಲದ ಹಾಗೆ ಹತ್ತಿತು. ನಮ್ಮವರು ಒಳಗೆ ಕೂತಿದ್ದರು. ಆ ದಿನಗಳಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದರು. ಮಾತಾಡಿಸಿದರೆ ಹೂಂ, ಇಲ್ಲದಿದ್ದರೆ ಅದೂ ಇಲ್ಲ.

ರವಿವಾರ ಗಿರಣಿಗೆ ರಜಾ, ಮಾಸ್ತರು ಅಂದು ಮಧ್ಯಾಹ್ನ ಬರುವುದೆಂದು ಗೊತ್ತಾಗಿತ್ತು. ನವಿ ಪೇಠಿಗೆ ಹೋಗಿ ತೆಂಗಿನಕಾಯಿ, ಆಮಸೂಲ ತಂದೆ. ಕೊಂಕಣದವರು ಹುಣಸಿಹಣ್ಣಿನ ಬದಲು ಆಮಸೂಲ ಹಾಕುತ್ತಾರೆ ಅಂತ ಅಂಗಡಿಯವನೇ ಹೇಳಿದ್ದ. ನಸುಕಿಗೆ ಎದ್ದು ಮಸಾಲೆ ಅರೆದು ಕೂತೆ. ಬುಟ್ಟಿ ಬರಲಿಲ್ಲ. ಮುಂಬೈಯಲ್ಲಿ ಯಾರೋ ಅದನ್ನು ರೈಲಿಗೆ ಹತ್ತಿಸುವುದನ್ನೇ ಮರೆತಿದ್ದರಂತೆ. ಮಾಸ್ತರಿಗೆ ನಾಳೆ ಅಂತ ಮುಕಾದಮ ಹೇಳಿ ಕಳಿಸಿದ.

ಸೋಮವಾರ ಹೊತ್ತು ಹುಟ್ಟುವುದರೊಳಗೆ ಮುಕಾದಮನೇ ಹೊತ್ತು ತಂದ. ದೊಡ್ಡ ಬಿದಿರ ಬುಟ್ಟಿ, ಮೇಲೆ ಗೋಣಿ, ಗೋಣಿಯ ಕೆಳಗೆ ಕಟ್ಟಿಗೆ ಹೊಟ್ಟು, ಹೊಟ್ಟಿನ ಕೆಳಗೆ ಬರ್ಫ, ಮಂಜುಗಡ್ಡೆ. ಬರ್ಫದಲ್ಲಿ ಮೂವತ್ತು ಬಾಂಗಡಾ. ಬೆನ್ನು ನವಿಲಿನ ಕತ್ತಿನ ಬಣ್ಣ, ಹೊಟ್ಟೆ ಬೆಳ್ಳಿ. ಚೆಂದ ಇದ್ದವು, ಸುಳ್ಳೇಕೆ ಹೇಳಲಿ.

“ಇವತ್ತ ಸಂಜೀಕ ಮಾಡಿಬಿಡ್ರಿ,” ಅಂದ.

“ಇವತ್ತ ಸೋಮವಾರರಿ.”

“ಅಯ್ಯ ವೈನಿ, ಒಂದ ಸೋಮವಾರ! ದೇವರೇನು ಹಾಜರಿ ಹಚಗೊಂಡು ಕೂತಾನೇನು?”

“ಹಚ್ಚತಾನರಿ. ನಾಳೆ ಮಧ್ಯಾಹ್ನ ಕರಕೊಂಡು ಬರ್ರಿ. ಮಂಗಳವಾರ ನಮಗ ನಡೀತದ.”

ಅವನು ಗೊಣಗುತ್ತ ಹೋದ. ಈಗ ಮೂವತ್ತು ಮೀನು, ಒಂದು ಹಗಲು, ಒಂದು ರಾತ್ರಿ ಇಡಬೇಕು.

ನಮ್ಮಲ್ಲಿ ಮೀನು ಇಡುವ ರೀತಿಯೇ ಬೇರೆ. ಭೀಮಾದಲ್ಲಿ ಮರಳ ಅಂತ ಒಂದು ಮೀನು ಸಿಗುತ್ತದೆ, ಗಟ್ಟಿ ಜೀವ. ಬಲೆಗೆ ಬಿದ್ದ ಮೇಲೆ ಗಡಿಗೆಯ ನೀರಿನಲ್ಲಿ ಹಾಕಿದರೆ ಎರಡು ದಿನ, ಮೂರು ದಿನ ಉಸಿರಾಡಿಕೊಂಡು ಇರುತ್ತದೆ. ರವಿವಾರ ಸಿಕ್ಕದ್ದನ್ನು ಸೋಮವಾರ ಕೊಯ್ಯುವ ಹಾಗಿಲ್ಲವಲ್ಲ, ನಮ್ಮವ್ವ ಅದನ್ನು ಗಡಿಗೆಗೆ ಬಿಟ್ಟು, ನೀರು ಬದಲಿಸುತ್ತ ಇಟ್ಟು ಮಂಗಳವಾರ ಕೊಯ್ಯುತ್ತಿದ್ದಳು. ಮೀನು ಅಂದರೆ ನೀರಿನಲ್ಲಿ ಇಡುವಂಥದು, ಇಷ್ಟು ನನಗೆ ಗೊತ್ತಿದ್ದದ್ದು. ಬರ್ಫ ನಾನು ಕಂಡದ್ದು ನವಿ ಪೇಠಿನ ಶರಬತ್ತಿನ ಗಾಡಿಯ ಮೇಲೆ ಮಾತ್ರ. ಮೀನನ್ನು ಕೈಯಲ್ಲಿ ಹಿಡಿದು ನೋಡಿದೆ. ಕಟ್ಟಿಗೆಯ ಹಾಗೆ ಬಿರುಸಾಗಿತ್ತು, ಬರ್ಫ ತಾಗಿದ ಕಡೆ ತೊಗಲು ಬೆಳ್ಳಗಾಗಿತ್ತು. ಈ ಥಂಡಿಯೇ ಮೀನನ್ನು ಸುಡುತ್ತಿದೆ, ಇನ್ನೊಂದು ದಿನ ಇದರಲ್ಲಿದ್ದರೆ ಮಾಂಸ ಒಡೆದು ಹೋದೀತು ಅನ್ನಿಸಿತು.

ಬರ್ಫವನ್ನೆಲ್ಲ ಗಟಾರಕ್ಕೆ ಚೆಲ್ಲಿದೆ. ಎರಡು ಹೊಸ ಗಡಿಗೆ ತೊಳೆದು, ಬಾವಿಯಿಂದ ಹೊಸ ನೀರು ಸೇದಿ ತಂದು, ಒಂದೊಂದರಲ್ಲಿ ಹದಿನೈದು ಮೀನು ಹಾಕಿ, ಬಾಯಿಗೆ ಹಸಿ ಬಟ್ಟೆ ಕಟ್ಟಿ ಮೂಲೆಯ ನೆರಳಲ್ಲಿಟ್ಟೆ. ಸತ್ತು ಎರಡು ದಿನವಾದ ಸಮುದ್ರದ ಮೀನನ್ನು ಬದುಕಿದ ಮರಳ ಮೀನಿನ ಹಾಗೆ ಜೋಪಾನ ಮಾಡಿದೆ.

ಬಾಜೂ ಖೋಲಿಯ ಕಾಕು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ವಿಧವೆ ಮುದುಕಿ, ಲಿಂಗಪೂಜೆಯಿಲ್ಲದೆ ನೀರು ಮುಟ್ಟುವವಳಲ್ಲ. ಬಾಯಿ ಮಾತ್ರ ಖಾರ.

“ಏನವಾ, ಗಂಗಾಳದಾಗ ಕೂಸಿನ್ನ ಎರದಂಗ ಎರಿಯಾಕತ್ತೀದಿ? ಜೋಗುಳಾನೂ ಹಾಡು.”

“ದೊಡ್ಡವರು ಉಣ್ಣಾಕ ಬರಾವರಿದ್ದಾರರಿ ಕಾಕೂ.”

“ಬರ್ಲಿ ಬರ್ಲಿ. ನಿನ್ನ ಮೀನಿನ ವಾಸನಿ ನನ್ನ ಸಾರಿನಾಗ ಬಂದು ಈಸಾಡತದ, ಅದಕ್ಕೂ ಉಣ್ಣಾಕ ಕೂಡಾಕ ಒಂದು ಮಣಿ ಹಾಕು.”

ದಿನವಿಡೀ ಉಪವಾಸ ಇದ್ದೆ. ಮೂರು ಸಲ ನೀರು ಬದಲಿಸಿದೆ. ಎಳ್ಳ ಅಮಾಸಿ ಹತ್ತಿರ ಬಂದ ಚಳಿ, ಗಡಿಗೆ ಮುಟ್ಟಿದರೆ ತಂಪಾಗಿತ್ತು. ಸಂಜೆ ನೀರು ಸ್ವಲ್ಪ ನಸುಗೆಂಪಾಗಿತ್ತು, ಮೇಲೆ ಎಣ್ಣೆಯ ಹಾಗೆ ಜಿಡ್ಡು ನಿಂತಿತ್ತು. ಸಮುದ್ರದ ಮೀನಿಗೆ ಕೊಬ್ಬು ಜಾಸ್ತಿ ಅಂತ ತಿಳಿದೆ.

ಮಂಗಳವಾರ ಸ್ನಾನ, ಪೂಜೆ ಮುಗಿಸಿ ಕೊಯ್ಯಲಿಕ್ಕೆ ಕೂತೆ. ನದಿಯ ಮೀನಾದರೆ ಮೊದಲು ಕಿವಿರು ಎತ್ತಿ ನೋಡುತ್ತೇವೆ, ಕೆಂಪಿರಬೇಕು. ಕಣ್ಣು ಉಬ್ಬಿರಬೇಕು. ಬೆರಳಿಂದ ಒತ್ತಿದರೆ ಮಾಂಸ ತಿರುಗಿ ಏಳಬೇಕು. ಈ ಮೀನಿನ ಕಿವಿರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕಣ್ಣು ಹಾಲಿನ ಹಾಗೆ. ಒತ್ತಿದ ಬೆರಳಿನ ಗುರುತು ಹಾಗೇ ಉಳಿಯಿತು. ಮೂರೂ ಗುರುತು ನನ್ನ ಕಣ್ಣಿಗೆ ಬಿದ್ದವು. ಮೂರಕ್ಕೂ ನಾನೇ ಉತ್ತರ ಹೇಳಿಕೊಂಡೆ: ಇದು ಬೇರೆ ನೀರಿನ ಮೀನು, ಇದರ ಕಣ್ಣು, ಕಿವಿರು ಹೀಗೇ ಇರಬಹುದು. ಖೋಲಿ ಉಳಿಯಬೇಕೆಂಬ ಆಸೆ ಇತ್ತಲ್ಲ, ಅದು ಏನು ಬೇಕಾದರೂ ನಂಬಿಸುತ್ತದೆ. ವಾಸನೆ ಇತ್ತು, ಕೊಳೆತದ್ದಲ್ಲ, ಒಂದು ಥರದ ಚುರುಕು ವಾಸನೆ. ಅದೇ ಸಮುದ್ರದ ವಾಸನೆ ಅಂದುಕೊಂಡೆ. ಸಮುದ್ರ ನಾನು ಎಲ್ಲಿ ಕಂಡಿದ್ದೆ?

ಬೂದಿ ಹಚ್ಚಿ ತಿಕ್ಕಿದೆ, ಉಪ್ಪು ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆದೆ. ಕಾಯಿ, ಧನಿಯಾ, ಬ್ಯಾಡಗಿ ಮೆಣಸಿನಕಾಯಿ ಅರೆದದ್ದನ್ನು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಆಮಸೂಲ ಹಾಕಿ, ಕೊನೆಗೆ ಮೀನು ಇಳಿಬಿಟ್ಟೆ. ಸಾರು ಕುಂಕುಮದ ಬಣ್ಣಕ್ಕೆ ಬಂತು. ಅಷ್ಟರಲ್ಲಿ ಭಕ್ಕರಿ ಬಡಿದು ಮೂವತ್ತೈದರ ಮೇಲೆ ಒಟ್ಟಿದ್ದೆ. ಉಣ್ಣುವವರು ಉಣ್ಣುವ ಮುಂಚೆ ನಾನು ರುಚಿ ನೋಡುವವಳಲ್ಲ. ಎಂಜಲು ಬಡಿಸಿದ ಹಾಗಾಗುತ್ತದೆ ಅಂತ ಅವ್ವ ಕಲಿಸಿದ್ದು. ಉಪ್ಪು, ಹುಳಿ ಮೂಗಿನಿಂದಲೇ ತಿಳಿಯುತ್ತಿತ್ತು.

ಭೋಂಗಾ ಆಗಲಿಕ್ಕೆ ಇನ್ನೂ ಅರ್ಧ ತಾಸು ಇತ್ತು. ನಮ್ಮವರು ತಾವಾಗಿ ಎದ್ದು ಒಲೆಯ ಹತ್ತಿರ ಬಂದರು. ಬಹಳ ದಿನದ ಮೇಲೆ ಹಾಗೆ ಬಂದದ್ದು.

“ಇವತ್ತ ಮಾಸ್ತರು ಬರ್ತಾರ. ಉಪ್ಪಿಗೆ ಹೆಚ್ಚಕಮ್ಮಿ ಆಗಬಾರದು. ಒಂದು ತುಂಡು ಹಾಕು, ನಾ ನೋಡತೀನಿ.”

ಹಾಕಿದೆ. ಅರ್ಧ ಭಕ್ಕರಿಯ ಜೋಡಿ ಒಂದು ಮೀನು ಪೂರ್ತಿ ತಿಂದರು.

“ಭಾಳ ಛಲೋ ಆಗೇದ. ಮೆಣಸಿನ ಕಾಳು ಹಾಕೀಯೇನು? ನಾಲಿಗಿ ಚುರುಚುರು ಅಂತದ.”

ಮೆಣಸಿನ ಕಾಳು ನಾನು ಹಾಕಿರಲಿಲ್ಲ. ಆ ಮಾತನ್ನು ಅಲ್ಲೇ ಹಿಡಿಯಬೇಕಾಗಿತ್ತು. ಹಿಡಿಯಲಿಲ್ಲ. ತಾಟು ಒರೆಸುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಅವರು ಕತ್ತು ತುರಿಸಿಕೊಂಡರು. ಆಮೇಲೆ ಕಿವಿ. ತಿರುಗಿ ನೋಡಿದರೆ ಮುಖ, ಎದೆ ಎಲ್ಲ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿದ್ದವು. ತಲೆ ಹಿಡಿದುಕೊಂಡು ಗೋಡೆಗೆ ಒರಗಿದರು. ಮೈಮೇಲೆ ದದ್ದು ಎದ್ದವು. ಬಲಗಣ್ಣು, ಆ ಉಳಿದ ಒಂದು ಕಣ್ಣು, ರಕ್ತದ ಹಾಗಾಗಿ ನೀರು ಸುರಿಯತೊಡಗಿತು. ನಾನು ನೋಡುತ್ತಿದ್ದಂತೆ ರೆಪ್ಪೆ ಬಾತು ಮುಚ್ಚಿಕೊಂಡಿತು.

“ಏನೂ ಕಾಣವಲ್ದು,” ಅಂದರು, ಮೆಲ್ಲಗೆ.

ಸ್ವಾಮಿ, ನೇಮ ಮುರಿದಿಲ್ಲವಲ್ಲ, ಸೋಮವಾರ ಒಲೆ ಮುಟ್ಟಿಲ್ಲವಲ್ಲ, ಮತ್ತೆ ಯಾಕೆ ಅಂತ ಒಳಗೇ ಕೂಗಿಕೊಂಡೆ. ತಣ್ಣೀರಿನ ಬಟ್ಟೆ ಕಣ್ಣಿಗೆ ಇಟ್ಟೆ. ಅಷ್ಟರಲ್ಲಿ ಭೋಂಗಾ ಆಯಿತು. ಚಾಳಿನ ಮೆಟ್ಟಿಲ ಮೇಲೆ ಚಪ್ಪಲಿ ಸಪ್ಪಳ. ಹತ್ತು ಮಂದಿ ಬಂದು ಸಾಲಾಗಿ ಕೂತರು. ಮುಕಾದಮ ಒಳಗೆ ಇಣುಕಿದ.

“ಮಾಸ್ತರು ಕೆಳಗ ಕೈಕಾಲು ತೊಳಕೊಳ್ಳಾಕತ್ತಾರ. ತಾಟ ಇಡ್ರಿ.” ಆಗ ಅವರನ್ನು ನೋಡಿದ. “ಇದೇನಾತು?”

“ಮೀನಾ ತಿಂದರು. ತಿಂದ ಮ್ಯಾಲ ಹಿಂಗಾತು.”

“ಹೊಸಾ ಮೀನಾ, ಮೈಗಿ ಹಿಡಿಸಿಲ್ಲ. ನದಿ ನೀರಿನ ಹೊಟ್ಟಿ ಅವರದು. ಕೊಂಕಣದವರಿಗೆ ಏನೂ ಆಗೂದಿಲ್ಲ. ಬಡಸ್ರಿ, ಸುಮ್ಮ.”

“ಆದರ?”

“ವೈನಿ, ಖೋಲಿ ಬೇಕೋ ಬ್ಯಾಡೋ?”

ಗೋಡೆಗೆ ಒರಗಿದ್ದ ನಮ್ಮವರು ಕಣ್ಣ ಮೇಲಿನ ಬಟ್ಟೆ ಒತ್ತಿ ಹಿಡಿದುಕೊಂಡೇ ಅಂದರು: “ನನ್ನ ಸಲುವಾಗಿ ನಿಂದರಬ್ಯಾಡ. ಖಾರ ಬಿದ್ದಿರ್ಬೇಕು ಕಣ್ಣಾಗ. ಬಡಸು.”

ಇಬ್ಬರೂ ಹೇಳಿದ್ದು ಖರೆ ಇರಬಹುದು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಹೊರಗೆ ಕೂತ ಹತ್ತು ಮಂದಿಗೂ ಎರಡೆರಡು ಕಣ್ಣಿದ್ದವು, ಊರಲ್ಲಿ ಹೆಂಡರು ಮಕ್ಕಳಿದ್ದರು, ನನ್ನ ಕೈಯ ಅನ್ನ ನಂಬಿ ಕೂತಿದ್ದರು. ಪಾತ್ರೆ ಹಾಗೇ ಇಟ್ಟುಕೊಂಡು ವಿಚಾರ ಮಾಡುತ್ತ ನಿಂತರೆ ಇವರಿಬ್ಬರೂ ಸೇರಿ ಬಡಿಸುವ ಹಾಗೆ ಮಾಡುತ್ತಾರೆ, ನಾನೂ ಬಡಿಸಿಬಿಡುತ್ತೇನೆ. ನನ್ನ ಮೇಲೆ ನನಗೆ ಭರವಸೆ ಇರಲಿಲ್ಲ. ಒಲೆಯಿಂದ ಎರಡು ಕೈತುಂಬ ಬೂದಿ ಎತ್ತಿ ಸಾರಿಗೆ ಸುರಿದುಬಿಟ್ಟೆ.

ಮುಕಾದಮ ಪಾತ್ರೆಗೆ ಬಗ್ಗಿ ನೋಡಿದ. “ಸಾರಿಗಲ್ಲ, ನನ್ನ ಮಾರಿಗೆ ಹಾಕಿದ್ರಿ ಬೂದಿ,” ಅಂದ.

ಮಾಸ್ತರು ಬಾಗಿಲಲ್ಲಿ ನಿಂತಿದ್ದರು. ನಡುವಯಸ್ಸು, ಕನ್ನಡಕ. ಪಾತ್ರೆ ನೋಡಿದರು, ನಮ್ಮವರ ಮುಖ ನೋಡಿದರು. ಮರಾಠಿಯಲ್ಲಿ ಕೇಳಿದರು, ನಾನು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಬುಟ್ಟಿ ಯಾವಾಗ ಬಂತು? ನಿನ್ನೆ ನಸುಕಿಗೆ. ಬರ್ಫ ಇತ್ತೇ? ಇತ್ತು. ಏನು ಮಾಡಿದಿರಿ?

“ಚೆಲ್ಲಿದೆ. ಬಾವಿ ನೀರಿನಲ್ಲಿ ಹಾಕಿಟ್ಟೆ.”

ಅವರು ಹಣೆ ಬಡಿದುಕೊಂಡರು. “ತಾಯಿ, ಬರ್ಫವೇ ಅದರ ಜೀವ. ಅದಿಲ್ಲದೆ ಬಾಂಗಡಾ ಒಂದು ದಿನ ಇದ್ದರೆ ಮೈಗೆ ಬೆಂಕಿ ಹಚ್ಚುತ್ತದೆ. ಕುದಿಸಿದರೂ ಹೋಗುವುದಿಲ್ಲ. ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು.”

“ಕಣ್ಣು?” ಅಂದೆ.

“ಹೋಗುವುದಿಲ್ಲ. ಉರಿ ಇಳಿದ ಹಾಗೆ ಕಣ್ಣೂ ತಿಳಿಯಾಗುತ್ತದೆ. ಆಮಸೂಲ ನೆನೆಸಿ ನೀರು ಕುಡಿಸಿ. ಹೆಚ್ಚಾದರೆ ದವಾಖಾನೆಗೆ ಒಯ್ಯಿರಿ.”

ಆಮಸೂಲ ಮನೆಯಲ್ಲಿತ್ತು. ನೆನೆಸಿ ಕುಡಿಸಿದೆ. ಹೊರಗೆ ಮಂದಿ ಬರೀ ತಾಟಿನ ಮುಂದೆ ಕೂತಿದ್ದರು, ಬಿಡುವು ಮುಗಿಯುತ್ತ ಬಂದಿತ್ತು. ಭಕ್ಕರಿ ಇದೆ, ಹಚ್ಚಿಕೊಂಡು ತಿನ್ನಲಿಕ್ಕೆ ಶೇಂಗಾ ಹಿಂಡಿ ಬಿಟ್ಟರೆ ಮತ್ತೇನಿಲ್ಲ. ಆಗ ಬಾಜೂ ಖೋಲಿಯ ಕಾಕು ಒಂದು ಗಡಿಗೆ ತಂದು ನನ್ನ ಹೊಸ್ತಿಲ ಹೊರಗೆ ಇಟ್ಟಳು. ಮುಚ್ಚಳ ತೆಗೆದರೆ ಪುಂಡಿಪಲ್ಯ, ಬಿಸಿ.

“ಎರಡ ದಿನಕ್ಕಂತ ಮಾಡಿದ್ದೆ. ಬಡಸು ಅವರಿಗೆ. ಗಡಿಗಿ ತಿರುಗಿ ಕೊಡಬ್ಯಾಡ ಮತ್ತ. ನಿನ್ನ ಮನಿ ಹೊಕ್ಕಿದ್ದು ನನ್ನ ಒಲಿ ಮ್ಯಾಲ ಏರೂದಿಲ್ಲ.”

ಹತ್ತು ಮಂದಿ ಅದನ್ನೇ ಹಚ್ಚಿಕೊಂಡು ಉಂಡರು. ಮಾಸ್ತರು ಅರ್ಧ ಭಕ್ಕರಿ ತಿಂದು ಕೈ ತೊಳೆದರು. ಗೇಟಿನ ಮಾತು ಎತ್ತಲಿಲ್ಲ. ಮುಕಾದಮ ತಾಟು ಮುಟ್ಟಲಿಲ್ಲ, ಆ ದಿನದಿಂದ ನನ್ನ ಖಾನಾವಳಿಯನ್ನೂ ಮುಟ್ಟಲಿಲ್ಲ. ಹೋಗುವಾಗ ತನ್ನ ಜೋಡಿ ನಾಲ್ಕು ಮಂದಿಯನ್ನು ಕರೆದುಕೊಂಡು ಹೋದ, ಅವರೂ ಮತ್ತೆ ಬರಲಿಲ್ಲ.

ಮೂರನೆಯ ಪ್ರಹರಕ್ಕೆ ರೆಪ್ಪೆಯ ಬಾವು ಇಳಿಯಿತು. ನಮ್ಮವರು ಕಣ್ಣು ಅರ್ಧ ತೆರೆದು, “ನಿನ್ನ ಕುಂಕುಮ ಅಳಸಿ ಹಣಿ ತುಂಬ ಆಗೇದ,” ಅಂದರು. ಕುಂಕುಮ ಕಂಡಿತಲ್ಲ ಅಂತ ಅವರ ಮುಂದೆಯೇ ಅತ್ತೆ.

ಕಣ್ಣು ಉಳಿಯಿತು, ಖೋಲಿ ಉಳಿಯಲಿಲ್ಲ. ಬುಧವಾರ ಬೆಳಿಗ್ಗೆ ನಾಚಿಕೆ ಬಿಟ್ಟು ಗಿರಣಿಯ ಗೇಟಿಗೆ ಹೋಗಿ ನಿಂತೆ. ಮಾಸ್ತರು ಹೊರಗೆ ಬಂದಾಗ ಕೈ ಮುಗಿದೆ. ತಪ್ಪು ನನ್ನದು, ಸಿಟ್ಟು ನನ್ನ ಮೇಲಿರಲಿ, ಗೇಟಿನ ಪಹರೆಯ ಜಾಗ ಮಾತ್ರ ನಮ್ಮವರಿಗೆ ಕೊಡಿಸಿ ಅಂದೆ.

“ಯಾವ ಜಾಗ?” ಅಂದರು ಮಾಸ್ತರು.

ಅವರಿಗೆ ಆ ಮಾತೇ ಗೊತ್ತಿರಲಿಲ್ಲ. ಬಾಂಗಡಾ ಊಟಕ್ಕೆ ಬನ್ನಿ ಅಂತ ಮುಕಾದಮ ಕರೆದಿದ್ದ, ಬಂದಿದ್ದರು. ಪಹರೆಯವರನ್ನು ಇಡುವುದು ಬೇರೆ ಖಾತೆ, ಅವರ ಕೈಯಲ್ಲೇ ಇಲ್ಲ. ಆ ಜಾಗವೂ ಹಿಂದಿನ ತಿಂಗಳೇ ತುಂಬಿತ್ತು. ಹೊಸ ಮಾಸ್ತರನ್ನು ಒಲಿಸಿಕೊಳ್ಳಬೇಕಾಗಿದ್ದದ್ದು ಮುಕಾದಮನಿಗೆ. ನನ್ನ ಒಲೆ ಅದಕ್ಕೆ ಬೇಕಾಗಿತ್ತು, ಅಷ್ಟೇ.

ಇಲ್ಲದ ಒಂದು ನೌಕರಿಗಾಗಿ ನಾನು ಹತ್ತು ಮಂದಿಗೆ ವಿಷ ಬಡಿಸುವವಳಿದ್ದೆ. ಅಲ್ಲೇ ಕಂಬ ಹಿಡಿದು ನಿಂತೆ. ಮಾಸ್ತರು ಹೋಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, ಚಾಳಿನ ಕಚೇರಿಯವರು ಪರಿಚಯದವರು, ಒಂದು ಮಾತು ಹೇಳಿ ನೋಡುತ್ತೇನೆ, ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಅಂದರು. ಸಂಜೆ ಚೀಟಿ ಬಂತು. ಖೋಲಿಗೆ ಇನ್ನೊಂದು ತಿಂಗಳ ಮುದ್ದತು.

ನಮ್ಮವರಿಗೆ ಎಲ್ಲ ಹೇಳಿದೆ. ಗುರುವಾರ ಬೆಳಿಗ್ಗೆ ನಾನು ಹೇಳದೆಯೇ ಟೊಪಗಿ ಹಾಕಿಕೊಂಡು ನಿಂತರು. “ನಡಿ, ಅಕ್ಕಲಕೋಟಕ್ಕ.”

ಮಧ್ಯಾಹ್ನದ ಊಟ ಬೆಳಿಗ್ಗೆಯೇ ಮಾಡಿ ಕಾಕುವಿನ ಕಾವಲಿನಲ್ಲಿಟ್ಟು ಮೊದಲ ಬಸ್ಸು ಹಿಡಿದೆವು. ಏನೇನು ಕೇಳಬೇಕೆಂದು ದಾರಿಯಲ್ಲಿ ಮನಸ್ಸಿನಲ್ಲಿ ಹಚ್ಚಿಟ್ಟುಕೊಂಡೆ: ಒಂದು ಖೋಲಿ, ಗಿರಣಿಗೆ ದೂರವಿರಬಾರದು, ನೀರು ಹತ್ತಿರ ಇರಬೇಕು. ಆದರೆ ಗುಡಿಯಲ್ಲಿ ನಿಂತ ಮೇಲೆ ಬೇರೆ ವಿಚಾರ ಬಂತು. ದೇವರು ಸೋಮವಾರ ಮೀನು ಬೇಯಿಸಬೇಡ ಅಂದಿದ್ದ. ಬರ್ಫ ಚೆಲ್ಲು ಅಂತ ಅವನು ಹೇಳಿರಲಿಲ್ಲ. ಸಿಟ್ಟು ಯಾರ ಮೇಲೆ ಮಾಡಲಿ? ಹೀಗೆ ಯೋಚಿಸುತ್ತ ಪಕ್ಕಕ್ಕೆ ತಿರುಗಿದರೆ ನಮ್ಮವರು ಕೈ ಮುಗಿದು ಕಣ್ಣು ಮುಚ್ಚಿದ್ದರು. ಮಂಗಳವಾರ ಬಾತು ಮುಚ್ಚಿಕೊಂಡ ರೆಪ್ಪೆ ನೆನಪಾಯಿತು.

“ಕಣ್ಣು ತಗೀರಿ!” ಅಂತ ಕೂಗಿಬಿಟ್ಟೆ.

ಗುಡಿಯ ಮಂದಿಯೆಲ್ಲ ತಿರುಗಿ ನೋಡಿದರು. ಅವರು ಗಾಬರಿಯಾಗಿ ಕಣ್ಣು ಬಿಟ್ಟರು. ತಿಳಿಯಾದ ಕಣ್ಣು.

“ಯಾಕ? ನಮಸ್ಕಾರ ಮಾಡಬಾರದೇನು?”

“ತಗದಾ ಮಾಡ್ರಿ.”

ಅವರು ನಕ್ಕರು. ದೀಪಾವಳಿಯಿಂದ ಅವರ ನಗು ಕಂಡಿರಲಿಲ್ಲ. ಕಣ್ಣು ತೆರೆದುಕೊಂಡೇ ನಮಸ್ಕಾರ ಮಾಡಿದರು. ತಿರುಗಿ ಬಸ್ಸಿನಲ್ಲಿ ಕೂತ ಮೇಲೆ ನನಗೆ ನೆನಪಾಯಿತು.

“ಅಯ್ಯ, ಖೋಲಿ ಕೇಳೂದು ಮರತೆನಲ್ಲ!”

“ಹೋಗ್ಲಿ ಬಿಡು,” ಅಂದರು. “ಖೋಲಿ ನಾ ಹುಡಕತೀನಿ. ನನಗೂ ಒಂದು ಕೆಲಸ ಬೇಕಲ್ಲ.”

ಶುಕ್ರವಾರದಿಂದ ದಿನಾ ಬೆಳಿಗ್ಗೆ ಗಿರಣಿಯ ಭೋಂಗಾ ಆದ ಕೂಡಲೆ, ಮೊದಲು ಕೆಲಸಕ್ಕೆ ಹೊರಡುತ್ತಿದ್ದ ಹೊತ್ತಿಗೇ, ಮನೆ ಬಿಡುತ್ತಿದ್ದರು. ಹನ್ನೆರಡನೆಯ ದಿನ ವಿಜಾಪುರ ರಸ್ತೆಯ ಬದಿಗೆ ಒಂದು ತಗಡಿನ ಖೋಲಿ ಸಿಕ್ಕಿತು. ನೀರು ದೂರ, ಬಿಸಿಲಿಗೆ ತಗಡು ಕಾಯುತ್ತಿತ್ತು, ಉಳಿದ ಆರು ಮಂದಿಯಲ್ಲಿ ಅಲ್ಲಿತನಕ ನಡೆದು ಬಂದವರು ಮೂವರು. ಮೊದಲನೆಯ ದಿನ ಆ ಮೂವರಿಗೆ ತಾಟು ಇಟ್ಟು, ನೀರು ಕೊಟ್ಟು, ಭಕ್ಕರಿ ಬಡಿಸಿದವರು ನಮ್ಮವರು. ನಾನು ಒಲೆಯ ಮುಂದಿನಿಂದ ಏಳಬೇಕಾಗಲಿಲ್ಲ.